ಒಂಬತ್ತು ಗಂಟೆಯ ಟ್ರಿಪ್ಪು ಮತ್ತು ನನ್ನ ಚೊಂಬು

ನನ್ನ ಸ್ವಂತ ಚೊಂಬನ್ನು ಹಿಡಿದು ನಾಲ್ಕು ಹೆಜ್ಜೆ ನಡೆಯುವ ಸ್ವಾತಂತ್ರ್ಯ ಈಗ ನನಗಿಲ್ಲ. ಕುವೈತಿನ ಮೀನಾ ಅಬ್ದುಲ್ಲಾದ ನಮ್ಮ ಸೈಟಿನಲ್ಲಿ, ತಣ್ಣೀರಿನ ಕೂಲರಿಗೆ ಒಂದು ಮೊಳ ಉದ್ದದ ಸರಪಳಿಯಲ್ಲಿ ಅದನ್ನು ಕಟ್ಟಿಹಾಕಲಾಗಿದೆ. ಕಟ್ಟಿದವರು ನಮ್ಮ ಸ್ಟೋರ್ ಕೀಪರ್ ಹಮೀದ್ ಭಾಯಿ. ಅದು ನಮ್ಮ ಮದುವೆಯಲ್ಲಿ ಯಾರೋ ಮುಯ್ಯಿ ಮಾಡಿದ ಸ್ಟೀಲ್ ಚೊಂಬು. ಕೊರಳಿನ ಕೆಳಗೆ ಕೊಟ್ಟವರ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ್ದರು. ಇಪ್ಪತ್ತೆರಡು ವರ್ಷ ತಿಕ್ಕಿ ತಿಕ್ಕಿ ಹೆಸರು ಅಳಿಸಿಹೋಗಿ ‘ಇವರಿಂದ’ ಅನ್ನುವುದು ಮಾತ್ರ ಉಳಿದಿದೆ. ಯಾರಿಂದ ಎಂದು ನನ್ನ ಹೆಂಡತಿ ಸವಿತಾಳಿಗೂ ನೆನಪಿಲ್ಲ. ಈಗ ಸೈಟಿನಲ್ಲಿ ನೀರು ಕುಡಿಯುವವರೆಲ್ಲ ಅದು ಎಂಜಿನಿಯರ್ ಸಾಹೇಬರು ಕೊಟ್ಟ ದಾನ ಎಂದು ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಅದು ದಾನವಲ್ಲ, ಜಪ್ತಿ.

ಕಚೇರಿಯ ಮೇಜಿನ ಕೆಳಗೆ ಚೊಂಬು ಇಟ್ಟುಕೊಂಡ ಗಂಡಸಿನ ಬಗ್ಗೆ ಜನ ಏನೆಂದುಕೊಳ್ಳುತ್ತಾರೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅದರಲ್ಲೂ ಅವನು ದಿನಾ ಬೆಳಿಗ್ಗೆ ಎಂಟೂವರೆಗೆ, ಕಾಫಿ ಮುಗಿಸಿ, ಚೊಂಬಿನ ತುಂಬ ನೀರು ಹಿಡಿದು ಕ್ಯಾಬಿನ್ನಿನ ಹಿಂದುಗಡೆ ಹೋಗಿ, ಎರಡೇ ನಿಮಿಷದಲ್ಲಿ ಖಾಲಿ ಚೊಂಬಿನೊಂದಿಗೆ ನೆಮ್ಮದಿಯ ಮುಖ ಮಾಡಿಕೊಂಡು ವಾಪಸು ಬರುತ್ತಿದ್ದರೆ? ಕ್ಯಾಬಿನ್ನಿನೊಳಗೇ ಶೌಚಾಲಯವಿರುವಾಗ ಇದೇನು ಎಂದು ಹೊಸಬರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಭೂಮಿಗೆ ನೀರು ಹುಯ್ಯಲು ಹೋಗಿದ್ದೆ ಅಂತ.

ಇದನ್ನು ತಿಳಿಯಬೇಕಾದರೆ ನೀವು ನನ್ನ ಜೊತೆ ಕಡೂರಿನ ಕಡೆಯ ಒಂದು ಊರಿನ ಹಿಟ್ಟಿನ ಗಿರಣಿಗೆ ಬರಬೇಕು. ಅಪ್ಪನ ಗಿರಣಿ. ಒಂದೇ ಕೋಣೆ, ಒಂದೇ ಮೋಟರು. ಬಾಗಿಲಿನಿಂದ ರಸ್ತೆಯವರೆಗೆ ಡಬ್ಬಗಳ ಸಾಲು. ಹೆಂಗಸರು ತಮ್ಮ ಜಾಗಕ್ಕೆ ಡಬ್ಬ ಇಟ್ಟು ಮನೆಗೆ ಹೋಗಿ ಸಾರು ಕುದಿಸಿ ಬರುತ್ತಿದ್ದರು. ಡಬ್ಬಗಳ ಸಾಲನ್ನು ಹಿಂದುಮುಂದು ಮಾಡುವ ಧೈರ್ಯ ಊರಿನ ಪಟೇಲರಿಗೂ ಇರಲಿಲ್ಲ. ಮೊದಲು ಅಕ್ಕಿ, ಆಮೇಲೆ ರಾಗಿ, ಕೊನೆಗೆ ಮೆಣಸಿನಕಾಯಿ. ಮೆಣಸಿನಕಾಯಿ ಬೀಸಿದ ಮೇಲೆ ಯಾರಾದರೂ ಅವಸರಕ್ಕೆ ರಾಗಿ ತಂದರೆ ಅವರ ಮನೆಯ ಮುದ್ದೆಯೇ ಖಾರ. ಅಪ್ಪನ ಹುಬ್ಬು, ಮೀಸೆ, ಕಿವಿಯ ಕೂದಲು ಸದಾ ಬೆಳ್ಳಗೆ. ನಾನು ನಾಲ್ಕನೇ ಕ್ಲಾಸಿಗೆ ಬರುವವರೆಗೂ ಅಪ್ಪನಿಗೆ ವಯಸ್ಸಾಗಿದೆ ಎಂದೇ ನಂಬಿದ್ದೆ. ಒಂದು ಹಬ್ಬದ ದಿನ ಎಣ್ಣೆ ನೀರು ಹಾಕಿಕೊಂಡು ಕರಿ ಮೀಸೆಯಲ್ಲಿ ಬಂದಾಗ ಯಾರೋ ನೆಂಟರು ಬಂದರೆಂದು ಎದ್ದು ನಿಂತಿದ್ದೆ.

ಗಿರಣಿಯ ಫ್ಯೂಸು ಪದೇ ಪದೇ ಹೋಗುತ್ತಿತ್ತು. ಪ್ರತಿ ಸಲ ಎಳೆ ತಂತಿ ಸುತ್ತಿ ಸುತ್ತಿ ಸಾಕಾಗಿ ಅಪ್ಪ ಒಂದು ದಿನ ಸೈಕಲ್ ಕಡ್ಡಿಯಷ್ಟು ದಪ್ಪದ ತಂತಿಯನ್ನೇ ಹಾಕಿಬಿಟ್ಟರು. ಆಮೇಲೆ ಫ್ಯೂಸು ಹೋಗಲಿಲ್ಲ. ಎಂಟು ದಿನ ಅಪ್ಪ ಬೀಗಿದ್ದೇ ಬೀಗಿದ್ದು. ಒಂಬತ್ತನೆಯ ದಿನ ಪಕ್ಕದ ಬೀದಿಯ ಗೌರಮ್ಮ ಡಬ್ಬ ಹಿಡಿಯಲು ಹೋಗಿ ಮಿಷನ್ನಿನ ಕಬ್ಬಿಣ ಮುಟ್ಟಿದರು. ಮುಟ್ಟಿದ್ದೇ ತಡ, ಮೂರು ಮಾರು ಆಚೆ ಬಿದ್ದರು. ಡಬ್ಬದಲ್ಲಿದ್ದ ಅಕ್ಕಿಹಿಟ್ಟೆಲ್ಲ ಅವರ ಮೇಲೆ. ಕಣ್ಣು ಬಿಟ್ಟು ಕೂತಿದ್ದಾರೆ, ಮಾತಿಲ್ಲ. ಅಪ್ಪ ಅವರ ಮುಂದೆ ಮಂಡಿಯೂರಿ, “ಮಾತಾಡು ಗೌರಮ್ಮ, ಏನಾರ ಮಾತಾಡವ್ವ” ಎಂದು ಬೇಡಿಕೊಂಡರು. ಕೊನೆಗೆ ಗೌರಮ್ಮ ಬಾಯಿ ತೆರೆದು ಹೇಳಿದ ಮೊದಲ ಮಾತು: “ನನ್ ಇಟ್ಟು!” ಎಲ್ಲರೂ ಹೋದ ಜೀವ ಬಂದಂತೆ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಆ ದಪ್ಪ ತಂತಿಯನ್ನು ಕಿತ್ತೆಸೆದರು.

ಮರುದಿನವೇ ಗಿರಣಿಯ ಹಿಂದೆ ಆಳುದ್ದದ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಕೊಳವೆ ಇಳಿಸಿ, ಮಿಷನ್ನಿಗೂ ಅದಕ್ಕೂ ತಂತಿ ಬೆಸೆದು ಅರ್ಥಿಂಗ್ ಮಾಡಿಸಿದರು. ಅದಕ್ಕೆ ದಿನಾ ಎರಡು ಕೊಡ ನೀರು ಹುಯ್ಯುವ ಕೆಲಸ ನನ್ನದಾಯಿತು. “ಬೂಮಿ ಒಣಗುದ್ರೆ ಕರೆಂಟು ಅಲ್ಲಿಗ್ ಇಳಿಯಲ್ಲ ಕಣ್ಲಾ, ಮುಟ್ದೋರ್ ಮೈಗ್ ಇಳೀತದೆ” ಅಂದರು ಅಪ್ಪ. ಅಮ್ಮ ತುಳಸಿಗೆ ನೀರು ಹಾಕುವ ಹೊತ್ತಿಗೆ ಸರಿಯಾಗಿ ನಾನು ಅರ್ಥಿಂಗಿಗೆ ಹಾಕುತ್ತಿದ್ದೆ. ಅಮ್ಮನದು ಶ್ಲೋಕ ಸಮೇತ, ನನ್ನದು ಆಕಳಿಕೆ ಸಮೇತ. ಒಂದು ದಿನ ಮರೆತರೂ ಗೌರಮ್ಮ ಹಾರಿಬಿದ್ದಂತೆಯೇ ಕಣ್ಣಿಗೆ ಕಟ್ಟಿ, ಗಣಿತದ ಕ್ಲಾಸಿನಲ್ಲಿ ಕೂತು ಬೆವರುತ್ತಿದ್ದೆ.

ಮುಂದೆ ನಾನು ಎಲೆಕ್ಟ್ರಿಕಲ್ ಎಂಜಿನಿಯರೇ ಆದೆ. ಓದಿದ್ದು ಬೇಕಾದಷ್ಟು. ಆದರೆ ಕೈಗೆ ಅಂಟಿದ ಅಭ್ಯಾಸ ಓದಿನಿಂದ ಹೋಗುತ್ತದೆಯೇ? ಕುವೈತಿನ ಈ ಸೈಟಿಗೆ ಬಂದ ಮೊದಲ ವಾರವೇ ನಮ್ಮ ಪೋರ್ಟಾ ಕ್ಯಾಬಿನ್ನಿನ ಹಿಂದೆ ಮರಳಿನಲ್ಲಿ ಒಂದು ತಾಮ್ರದ ಸರಳು ತಲೆ ಎತ್ತಿ ನಿಂತಿದ್ದು ಕಂಡಿತು. ಕ್ಯಾಬಿನ್ನಿನ ಅರ್ಥಿಂಗ್. ಸುತ್ತ ಮರಳು ಹುರಿಗಡಲೆ ಹುರಿಯುವಷ್ಟು ಬಿಸಿ. ಪಾಪ ಅನ್ನಿಸಿತು. ಮಾರನೆಯ ದಿನ ಮನೆಯಿಂದ ಚೊಂಬು ತಂದೆ. ಎರಡು ವರ್ಷ, ಸೈಟಿನಲ್ಲಿದ್ದ ಒಂದು ದಿನವೂ ತಪ್ಪಿಸಲಿಲ್ಲ. ದೇವರ ಮುಂದೆ ದೀಪ ಹಚ್ಚುವುದನ್ನು ಸವಿತಾಳಿಗೆ ಬಿಟ್ಟುಕೊಟ್ಟವನಿಗೆ ಇದೊಂದೇ ಪೂಜೆ.

ಕಳೆದ ವರ್ಷ ಮೇ ತಿಂಗಳಲ್ಲಿ ನಾನು ರಜೆ ಮುಗಿಸಿ ಊರಿಂದ ಬಂದಾಗಿನಿಂದ ಕ್ಯಾಬಿನ್ನಿನಲ್ಲಿ ಟ್ರಿಪ್ ಶುರುವಾಯಿತು. ದಿನಾ ಬೆಳಿಗ್ಗೆ ಒಂಬತ್ತರ ಸುಮಾರಿಗೆ ‘ಟಪ್’ ಅನ್ನುತ್ತಿತ್ತು. ದೀಪ, ಎಸಿ, ಕಂಪ್ಯೂಟರ್ ಎಲ್ಲ ಒಟ್ಟಿಗೆ ಬಂದ್. ಬೋರ್ಡಿನಲ್ಲಿ ಒಂದು ಬ್ರೇಕರ್ ಇರುತ್ತದೆ. ಕರೆಂಟು ಎಲ್ಲಾದರೂ ಒಂದಿಷ್ಟು ಸೋರಿ ಭೂಮಿಗೆ ಹರಿದರೆ ಸಾಕು, ಅದು ಇಡೀ ಕ್ಯಾಬಿನ್ನಿನ ಲೈನನ್ನು ಕಡಿದುಹಾಕುತ್ತದೆ. ಗೌರಮ್ಮನ ಕಾಲದಲ್ಲಿ ಅದೊಂದು ಇದ್ದಿದ್ದರೆ ಅಕ್ಕಿಹಿಟ್ಟು ಡಬ್ಬದಲ್ಲೇ ಇರುತ್ತಿತ್ತು. ಬಿದ್ದ ಬ್ರೇಕರನ್ನು ಮೇಲಕ್ಕೆತ್ತಿದರೆ ನಿಲ್ಲುವುದಿಲ್ಲ, ಮತ್ತೆ ‘ಟಪ್’. ಹತ್ತೂವರೆ ಹನ್ನೊಂದಕ್ಕೆ ತಾನಾಗಿಯೇ ಸಮಾಧಾನವಾಗಿ ನಿಲ್ಲುತ್ತಿತ್ತು. ಅಷ್ಟರಲ್ಲಿ ನಾವೆಲ್ಲ ತಗಡಿನ ಡಬ್ಬಿಯೊಳಗೆ ಇಡ್ಲಿಯ ಹಾಗೆ ಬೆಂದಿರುತ್ತಿದ್ದೆವು.

“ಪುನಃ ಹೋಯ್ತಲ್ಲ ಮಾರಾಯ್ರೆ! ಎಂಥ ಸಾರ್ ಇದು?” ಎಂದು ಪಕ್ಕದ ಸ್ಟೋರಿನಿಂದ ಹಮೀದ್ ಭಾಯಿಯ ಕೂಗು ಬರುತ್ತಿತ್ತು. ಉಪ್ಪಿನಂಗಡಿಯ ಕಡೆಯ ಬ್ಯಾರಿಗಳು. ಹದಿನೆಂಟು ವರ್ಷದಿಂದ ಕುವೈತಿನಲ್ಲಿದ್ದು ಮಲಯಾಳ, ಹಿಂದಿ, ಅರಬ್ಬಿ ಎಲ್ಲ ಸಲೀಸು. ಆದರೆ ಕನ್ನಡ ಮಾತ್ರ ಇವತ್ತು ಬೆಳಿಗ್ಗೆ ನೇತ್ರಾವತಿಯಲ್ಲಿ ಮುಖ ತೊಳೆದು ಬಂದವರ ಹಾಗೆ ತಾಜಾ.

ಜಾಣ ಓದುಗರು ಈಗಾಗಲೇ ನನ್ನ ಚೊಂಬಿನ ಕಡೆ ನೋಡಿ ನಗುತ್ತಿರಬಹುದು. ನಗಿ, ತಪ್ಪಿಲ್ಲ. ನನಗೆ ಹೊಳೆಯಲು ಮೂರು ವಾರ ಬೇಕಾಯಿತು. ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳುತ್ತೇನೆ: ಎರಡು ವರ್ಷ ನೀರು ಹುಯ್ದಾಗ ಆಗದ್ದು ಈಗ ಅದರಿಂದ ಆಗುತ್ತಿದೆ ಎಂದು ಯಾವ ಮನುಷ್ಯ ತಾನೇ ಸಂಶಯಪಡುತ್ತಾನೆ? ಪೂಜೆ ಮಾಡುವವನು ಮನೆಯಲ್ಲಿ ಕಳ್ಳತನವಾದರೆ ಗಂಟೆಯನ್ನು ಹಿಡಿದು ವಿಚಾರಿಸುವುದಿಲ್ಲವಷ್ಟೆ.

ಮೊದಲು ಕೆಟಲ್ ಮೇಲೆ ಸಂಶಯ ಬಂತು. ಒಂಬತ್ತಕ್ಕೆ ಎಲ್ಲರೂ ಚಹಾ ಮಾಡುತ್ತಾರೆ, ಸಮಯ ತಾಳೆಯಾಗುತ್ತದೆ. ಎರಡು ದಿನ ಎಲ್ಲರ ಚಹಾ ನಿಲ್ಲಿಸಿದೆ. ಟ್ರಿಪ್ ನಿಲ್ಲಲಿಲ್ಲ, ಎಲ್ಲರ ಮುಖ ಮಾತ್ರ ಗಂಟಾಯಿತು. ಆಮೇಲೆ ಎಸಿ ಬಿಚ್ಚಿದೆ. ಅದರೊಳಗೆ ಅರ್ಧ ಮರುಭೂಮಿ ಸಿಕ್ಕಿತು, ದೋಷ ಸಿಗಲಿಲ್ಲ. “ಆ ಬ್ರೇಕರನ್ನೇ ಬೈಪಾಸ್ ಮಾಡಿಬಿಡಿ ಸಾರ್, ಎಲ್ಲರೂ ಅದನ್ನೇ ಮಾಡೋದು” ಎಂದು ಒಬ್ಬ ಸೂಪರ್‌ವೈಸರ್ ಉಪಾಯ ಹೇಳಿಕೊಟ್ಟ. ನನಗೆ ಸೈಕಲ್ ಕಡ್ಡಿ ದಪ್ಪದ ತಂತಿ ನೆನಪಾಗಿ ಅವನ ಮೇಲೆ ರೇಗಿದೆ. ಅವನಿಗೆ ಗೌರಮ್ಮ ಯಾರೆಂದು ಗೊತ್ತಿರಲಿಲ್ಲ, ಹಾಗಾಗಿ ಅಷ್ಟು ರೇಗಿದ್ದು ಏಕೆಂದೂ ಗೊತ್ತಾಗಲಿಲ್ಲ.

ಎರಡನೆಯ ವಾರ ನಮ್ಮ ಸೇಫ್ಟಿ ಅಧಿಕಾರಿ ಯೂಸುಫ್ ಬಂದರು. ಈಜಿಪ್ಟಿನವರು, ಮಾತಿಗೆ ಮೊದಲು ನಗುವವರು, ಆದರೆ ನಿಯಮದಲ್ಲಿ ಕಬ್ಬಿಣದ ಕಡಲೆ. “ಯಾ ಮುಹಂದಿಸ್,” ಅಂದರೆ ಎಂಜಿನಿಯರೇ ಎಂದು ಕರೆದು, ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಹೇಳಿದರು: ಕೆಟ್ಟ ಸಾಮಾನು ಯಾವುದು ಎಂದು ಹುಡುಕು, ಮುಂದಿನ ವಾರದ ಗುರುವಾರ ಸ್ಕ್ರ್ಯಾಪಿನ ಲಾರಿ ಬರುತ್ತದೆ, ಹತ್ತಿಸಿಬಿಡು, ಖಲಾಸ್.

ಆಗ ನಾನು ಶಾಸ್ತ್ರೋಕ್ತವಾಗಿ ಕೂತೆ. ಬೋರ್ಡಿನ ಒಂದೊಂದೇ ಚಿಕ್ಕ ಸ್ವಿಚ್ಚನ್ನು ಎರಡೆರಡು ದಿನ ಇಳಿಸಿಡುವುದು, ಟ್ರಿಪ್ ಆಯಿತೋ ಇಲ್ಲವೋ ನೋಟ್‌ಬುಕ್ಕಿನಲ್ಲಿ ಬರೆಯುವುದು. ಹೊರಗಿನ ಕೂಲರಿನ ಸ್ವಿಚ್ಚು ಇಳಿಸಿದ ಎರಡೂ ದಿನ ಒಂಬತ್ತಾಯಿತು, ಹತ್ತಾಯಿತು, ದೀಪ ಕದಲಲಿಲ್ಲ. ಎತ್ತಿದ ಮರುದಿನ ‘ಟಪ್’. ನಾನು ಪೆನ್ನು ಮುಚ್ಚಿ ತೀರ್ಪು ಕೊಟ್ಟೆ: ಅಪರಾಧಿ ಕೂಲರ್. ಕೂಲರನ್ನು ಬೇರೆಯಾಗಿ ಮೀಟರ್ ಹಿಡಿದು ಒಮ್ಮೆ ಪರೀಕ್ಷಿಸಬೇಕಿತ್ತು. ಮೀಟರ್ ದೂರದ ಅರ್ದಿಯಾದಲ್ಲಿನ ನಮ್ಮ ಗೋದಾಮಿನಲ್ಲಿತ್ತು, ನನಗೆ ಅವಸರವಿತ್ತು. ಜೊತೆಗೆ ಇಪ್ಪತ್ತು ವರ್ಷದ ಅನುಭವ ಬೇರೆ ಇತ್ತು. ಮೀಟರಿನ ಕೆಲಸ ತಪ್ಪಿಸಲು ಅದಕ್ಕಿಂತ ಒಳ್ಳೆಯ ನೆಪವಿಲ್ಲ.

ಕೂಲರ್ ಕಂಪನಿಯದಾಗಿರಲಿಲ್ಲ, ಹಮೀದ್ ಭಾಯಿಯದು. ಹಿಂದಿನ ವರ್ಷ ಅವರ ತಾಯಿ ತೀರಿಕೊಂಡಿದ್ದರು. ಊರಿನಲ್ಲಿ ಆ ತಾಯಿ ಮನೆಯ ಮುಂದೆ, ಬಸ್ಸಿಗೆ ನಡೆದು ಹೋಗುವವರಿಗಾಗಿ ದಿನಾ ಒಂದು ಮಣ್ಣಿನ ಮಡಕೆ ತುಂಬ ನೀರು ಇಡುತ್ತಿದ್ದರಂತೆ. ಸತ್ತವರ ಹೆಸರಿನಲ್ಲಿ ದಾರಿಯಲ್ಲಿ ಹೋಗುವವರಿಗೆ ತಣ್ಣೀರು ಇಡುವುದು ಇಲ್ಲಿ ಬೀದಿ ಬೀದಿಯಲ್ಲಿ ಕಾಣುತ್ತದೆ. ಹಾಗೆ ಇವರೂ ನಾನು ರಜೆಯಲ್ಲಿದ್ದಾಗ ಕೂಲರ್ ತಂದು, ಕ್ಯಾಬಿನ್ನಿನ ಪಕ್ಕದ ನೆರಳಿನಲ್ಲಿ ಇಟ್ಟು, ಆಗ ಇದ್ದ ಎಲೆಕ್ಟ್ರಿಷಿಯನ್ ಕೈಯಲ್ಲಿ ಲೈನು ಎಳೆಸಿ, ಮೇಲೆ ಒಂದು ಕಾಗದ ಅಂಟಿಸಿದ್ದರು. ಅದರಲ್ಲಿ ಅರಬ್ಬಿಯಲ್ಲಿ ಒಂದು ಸಾಲು, ಕೆಳಗೆ ಕನ್ನಡದಲ್ಲಿ ತಾಯಿಯ ಹೆಸರು: ಆಯಿಶಮ್ಮ.

“ಕೂಲರಿಂದ ಅಲ್ಲ ಸಾರ್,” ಅಂದರು ಹಮೀದ್ ಭಾಯಿ, ನಾನು ತೀರ್ಪು ತಿಳಿಸಿದಾಗ. “ಹೊಸತು ಅದು. ಪೆಟ್ಟಿಗೆ ಒಡೆದದ್ದೇ ನಾನು.”

“ಹೊಸದಕ್ಕೂ ಕೆಡೋ ಹಕ್ಕಿದೆ ಹಮೀದ್ ಭಾಯಿ. ನೋಡಿ, ಅದು ಬಂದ ಮೇಲೇ ತಾನೇ ಟ್ರಿಪ್ ಶುರುವಾಗಿದ್ದು? ಆಫ್ ಮಾಡಿದ್ರೆ ಸರಿಹೋಗುತ್ತೆ. ಇನ್ನೇನು ಸಾಕ್ಷಿ ಬೇಕು?”

ಅವರು ನನ್ನ ನೋಟ್‌ಬುಕ್ಕಿನ ಕಡೆ ನೋಡಿದರು. “ನೀವು ಕಲಿತವರು ಸಾರ್. ನೀವು ಹೇಳಿದ ಮೇಲೆ ನಾನು ಎಂಥ ಹೇಳ್ಲಿಕ್ಕೆ ಉಂಟು?” ಅಂದು ಹೊರಟುಹೋದರು. ವಾದ ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬುಧವಾರ ಮಧ್ಯಾಹ್ನ ಕಿಟಕಿಯಿಂದ ನೋಡಿದೆ. ಲಾರಿ ಹತ್ತಲಿರುವ ಕೂಲರನ್ನು ಅವರು ಒದ್ದೆ ಬಟ್ಟೆಯಲ್ಲಿ ಮೂಲೆ ಮೂಲೆ ಒರೆಸುತ್ತಿದ್ದರು. ಆಮೇಲೆ ಉಗುರಿನಿಂದ ಆ ಕಾಗದವನ್ನು ಹರಿಯದ ಹಾಗೆ ನಿಧಾನವಾಗಿ ಬಿಡಿಸಿ, ಮಡಚಿ, ಜೇಬಿಗೆ ಹಾಕಿಕೊಂಡರು. ನಾನು ಕಿಟಕಿಯಿಂದ ಸರಿದು ಮತ್ತೆ ನನ್ನ ಲೆಕ್ಕದ ಪುಟ ತೆರೆದೆ. ನನ್ನ ಲೆಕ್ಕಾಚಾರ ಸರಿ ಎಂದು ನನಗೆ ನಾನೇ ಹೇಳಿಕೊಂಡೆ.

ಅದನ್ನೇ ಸಂಜೆ ಖೈತಾನಿನ ಮನೆಯಲ್ಲಿ ಮಗಳು ಮೇಘಾಳಿಗೂ ಹೇಳಿದೆ. ಒಂಬತ್ತನೆಯ ಕ್ಲಾಸು. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಕ್ಷಮೆ ಕೇಳುವವಳು. ವಿಜ್ಞಾನ ಅಂದರೆ ಹೇಗಿರಬೇಕು ಎಂದು ತೋರಿಸಲು ನೋಟ್‌ಬುಕ್ಕನ್ನು ಅವಳ ಮುಂದೆ ಹಿಡಿದೆ. ಅವಳು ಪೆನ್ಸಿಲ್ ಕಚ್ಚುತ್ತ ಪುಟ ತಿರುಗಿಸಿ, ಮೂರು ಕಡೆ ಗುಂಡು ಸುತ್ತಿದಳು.

“ವಾಟ್ ಹ್ಯಾಪನ್ಡ್ ಆನ್ ದೀಸ್ ಡೇಸ್, ಅಪ್ಪಾ? ಕೂಲರ್ ವಾಸ್ ಆನ್. ನೋ ಟ್ರಿಪ್.”

ನೋಡಿದೆ. ಎರಡು ದಿನ ನಾನು ಅರ್ದಿಯಾದ ಗೋದಾಮಿಗೆ ಹೋಗಿದ್ದೆ. ಒಂದು ದಿನ ಇವಳ ಶಾಲೆಯ ಪೋಷಕರ ಸಭೆಗೆ ರಜೆ ಹಾಕಿದ್ದೆ. ಟ್ರಿಪ್ ಆಯಿತೇ ಎಂದು ಫೋನಿನಲ್ಲಿ ಕೇಳಿ ತಿಳಿದು ಬರೆದಿದ್ದೆ.

“ಆ ದಿನ ನಾನು ಸೈಟಲ್ಲಿ ಇರ್ಲಿಲ್ಲ ಕಣೇ.”

“ದೆನ್ ಇಟ್ ನೀಡ್ಸ್ ಟೂ ಥಿಂಗ್ಸ್,” ಅಂದಳು ಮಗಳು, ಬಹಳ ಸರಳವಾಗಿ. “ದ ಕೂಲರ್. ಅಂಡ್ ಯು.”

ಅಡಿಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ಸವಿತಾಳ ಲಟ್ಟಣಿಗೆ ನಿಂತಿತು. “ರೀ,” ಅಂದಳು, “ಬೆಳಿಗ್ಗೆ ಚೊಂಬು ತಗೊಂಡು ಎಲ್ಲಿಗೆ ಹೋಗ್ತೀರಿ, ಅದನ್ನೂ ಆ ಬುಕ್ಕಲ್ಲಿ ಬರೆದಿದೀರಾ?”

ಬರೆದಿರಲಿಲ್ಲ. ಎಲ್ಲರ ಕೆಟಲ್, ಎಲ್ಲರ ಚಾರ್ಜರ್, ಎಸಿ, ಕೂಲರ್, ಎಲ್ಲ ಬರೆದಿದ್ದೆ. ನನ್ನನ್ನು ಬರೆದಿರಲಿಲ್ಲ. ತಾಯಿ ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಅರ್ಧ. ಇನ್ನರ್ಧ ಆ ಮಡಚಿದ ಕಾಗದದ ಕಡೆ ಹೋಗಿತ್ತು.

ಗುರುವಾರ ಲಾರಿಗಿಂತ ಮೊದಲು ಸೈಟು ಮುಟ್ಟಬೇಕೆಂದು ಬೆಳಗಾಗುತ್ತಲೇ ಹೊರಟೆ. ಕ್ಯಾಬಿನ್ನಿನ ಲೈನು ಪೂರ್ತಿ ಬಂದ್ ಮಾಡಿ, ಹಿಂದುಗಡೆ ಹೋಗಿ, ತಾಮ್ರದ ಸರಳಿನ ಬುಡದಲ್ಲಿ ಕೈಯಿಂದಲೇ ಮರಳು ಬಗೆಯತೊಡಗಿದೆ. ಹಮೀದ್ ಭಾಯಿ ಬಂದು ಹಿಂದೆ ನಿಂತದ್ದು ನೆರಳಿನಿಂದ ಗೊತ್ತಾಯಿತು.

“ಎಂಥ ಹುಡುಕ್ತೀರಿ ಸಾರ್?”

“ಕಳ್ಳನ್ನ.”

ಒಂದು ಗೇಣು ಆಳದಲ್ಲಿ ಸಿಕ್ಕಿತು. ಕೂಲರಿಗೆ ಎಳೆದ ಕೇಬಲ್. ಉದ್ದ ಸಾಲದೆ ಆ ಎಲೆಕ್ಟ್ರಿಷಿಯನ್ ನಡುವೆ ಇನ್ನೊಂದು ತುಂಡನ್ನು ಗಂಟು ಹಾಕಿ ಸೇರಿಸಿ, ಬರೀ ಟೇಪು ಸುತ್ತಿ, ಸರಿಯಾಗಿ ಸರಳಿನ ಬುಡದಲ್ಲೇ ಹೂತಿದ್ದ. ಅದಕ್ಕೇ ಬೋರ್ಡಿನ ಚಿಕ್ಕ ಸ್ವಿಚ್ಚು ಇಳಿಸಿದರೆ ಕೂಲರಿನ ಜೊತೆ ಈ ಗಂಟೂ ಸತ್ತುಹೋಗುತ್ತಿತ್ತು. ನಾನು ಅಪರಾಧವನ್ನು ಕೂಲರಿನ ತಲೆಗೆ ಕಟ್ಟಿದ್ದೆ. ಟೇಪು ಬಿಚ್ಚಿದರೆ ಒಳಗಿನ ತಂತಿಗೆ ನೀರು ತಾಗಿ ತಾಗಿ ಹಸಿರು ಕಿಲುಬು. ದಿನಾ ಎಂಟೂವರೆಗೆ ನಾನು ಹುಯ್ದ ನೀರು ನಿಧಾನವಾಗಿ ಇಳಿದು, ಅರ್ಧ ಗಂಟೆಯಲ್ಲಿ ಗಂಟು ಮುಟ್ಟಿ, ಕರೆಂಟು ಭೂಮಿಗೆ ಸೋರಿ ‘ಟಪ್’. ಹನ್ನೊಂದರ ಹೊತ್ತಿಗೆ ಬಿಸಿಲಿಗೆ ಒಣಗಿದರೆ ಎಲ್ಲ ಸರಿ. ಭೂಮಿಗೆ ನೀರು ಹುಯ್ದರೆ ಕರೆಂಟು ಅಲ್ಲಿಗಿಳಿಯುತ್ತದೆ ಎಂದು ಅಪ್ಪ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಅಷ್ಟರಲ್ಲಿ ಯೂಸುಫ್ ಕೂಡ ಲಾರಿಯವನ ಜೊತೆ ಬಂದರು. ನಾನು ಮಂಡಿಯೂರಿದಲ್ಲಿಂದಲೇ, ಉಗುರಿನ ತುಂಬ ಮರಳು ಇಟ್ಟುಕೊಂಡು, ಇಬ್ಬರಿಗೂ ಎಲ್ಲ ಹೇಳಿದೆ. ಗಿರಣಿ, ಗೌರಮ್ಮ, ಚೊಂಬು, ಒಂದನ್ನೂ ಬಿಡಲಿಲ್ಲ. ಅಕ್ಕಿಹಿಟ್ಟಿನ ಭಾಗವನ್ನು ಯೂಸುಫ್ ಎರಡು ಸಲ ಕೇಳಿಸಿಕೊಂಡರು. ಆಮೇಲೆ ಕೆಳಗೆ ಬಿದ್ದಿದ್ದ ಟೇಪಿನ ತುಂಡನ್ನು ಎತ್ತಿ ಲಾರಿಯವನ ಕೈಗೆ ಕೊಟ್ಟು, ಇವತ್ತಿನ ಸ್ಕ್ರ್ಯಾಪ್ ಇಷ್ಟೇ, ಯಲ್ಲಾ, ಹೊರಡು ಅಂದರು.

ಹಮೀದ್ ಭಾಯಿ ಮಾತ್ರ ನಗಲಿಲ್ಲ. “ತಪ್ಪಾಯ್ತು ಹಮೀದ್ ಭಾಯಿ,” ಅಂದೆ. “ಪರೀಕ್ಷೆ ಮಾಡದೆ ನಿಮ್ಮ ತಾಯಿಯ ಕೂಲರಿಗೆ ಕಳಂಕ ಹಚ್ಚಿದೆ.” ಅವರು ತಲೆ ಅಲ್ಲಾಡಿಸಿ ಸ್ಟೋರಿನೊಳಗೆ ಹೋದರು. ಹೋದವರು ಹೊಸ ಕೇಬಲ್ಲಿನ ಸುರುಳಿ, ಒಂದು ಪೈಪು ಹೊತ್ತು ಬಂದರು. ಇಬ್ಬರೂ ಸೇರಿ ಗಂಟಿಲ್ಲದ ಒಂದೇ ಕೇಬಲ್ಲನ್ನು ಪೈಪಿನೊಳಗೆ ತೂರಿಸಿ, ಸರಳಿನಿಂದ ದೂರ, ಗೋಡೆಯ ಮೇಲೆ ಎಳೆದೆವು. ಅರ್ದಿಯಾದಿಂದ ಮೀಟರ್ ತರಿಸಿ, ಕೂಲರನ್ನೂ ಅರ್ಥಿಂಗನ್ನೂ ಅಳೆದೆ. ಕೂಲರ್ ಅಪ್ಪಟ ಚಿನ್ನ. ಅರ್ಥಿಂಗಿನ ಸರಳು ಕೆಳಗೆ ಎಲ್ಲೋ ಸಮುದ್ರದ ಪಸೆಯವರೆಗೆ ಇಳಿದಿದ್ದರಿಂದ ಮೇಲೆ ನೀರು ಹುಯ್ದರೂ ಅಷ್ಟೇ, ಬಿಟ್ಟರೂ ಅಷ್ಟೇ. ಎರಡು ವರ್ಷದ ನನ್ನ ಸೇವೆಯ ಗೊಡವೆಯೇ ಭೂಮಿಗೆ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೂಲರ್ ಗುಂಯ್ ಅನ್ನತೊಡಗಿತು. ಹಮೀದ್ ಭಾಯಿ ಜೇಬಿನಿಂದ ಕಾಗದ ತೆಗೆದು, ಮಡಿಕೆ ನೀವಿ, ಹಳೆಯ ಜಾಗದಲ್ಲೇ ಅಂಟಿಸಿದರು. ಆಮೇಲೆ ನನ್ನ ಕ್ಯಾಬಿನ್ನಿಗೆ ಬಂದು ಮೇಜಿನ ಕೆಳಗೆ ಬಗ್ಗಿದರು.

“ಈ ಚೊಂಬು ಇನ್ನು ನಿಮ್ಮ ಹತ್ರ ಬೇಡ ಸಾರ್,” ಅಂದರು. ಆಗ ಮೊದಲ ಸಲ ನಗು ಕಂಡಿತು. “ನೀವು ಒಳ್ಳೆಯವರು, ಆದ್ರೆ ನಿಮ್ಮ ಕೈಯಲ್ಲಿ ನೀರು ಡೇಂಜರ್.” ಹೊರಗೆ ಕರೆದುಕೊಂಡು ಹೋಗಿ ಅದನ್ನು ಸರಪಳಿಗೆ ಬಿಗಿದರು. ನಲ್ಲಿ ತಿರುಗಿಸಿ ತುಂಬ ಹಿಡಿದರು. ಅಷ್ಟರಲ್ಲಿ ಕೆಲಸದವರು ಸಾಲು ನಿಂತಿದ್ದರು. ಅವರಿಗೆ ಕೊಡಲಿ ಎಂದು ನಾನು ಹಿಂದೆ ಸರಿದೆ. ಹಮೀದ್ ಭಾಯಿ ಸರಪಳಿ ಚಾಚುವಷ್ಟು ದೂರ ನನ್ನ ಕಡೆಗೆ ಕೈ ನೀಡಿದರು.

“ಮೊದಲು ನೀವು ಕುಡೀರಿ ಸಾರ್. ಉಮ್ಮ ಇದ್ದಿದ್ರೆ ನಿಮಗೇ ಮೊದಲು ಕೊಡ್ತಿದ್ರು. ತಪ್ಪು ಮಾಡಿ ಬಂದವನ ಬಾಯಿ ಒಣಗಿರ್ತದೆ ಅಂತ ಹೇಳ್ತಿದ್ರು ಅವರು.”

ನಿಜಕ್ಕೂ ಒಣಗಿತ್ತು. ಎತ್ತಿ ಕುಡಿದೆ. ಸಾಲದೆ, ಇನ್ನೊಂದು ಚೊಂಬು ಕೇಳಿದೆ.